ಬೇವು, ಹಲಸಿಗೆ ಉಜ್ಜುಗೊರಡು ಹದ ಮಾಡುವುದು: ನನ್ನ ಅನುಭವ

ತುಮಕೂರಿನ ಕಡೆ ಸಿಗುವ ಬೇವು, ಹಲಸಿನ ಹಲಗೆಗಳ ಕಾಟ ಒಂದೇ: ನಾರು ಒಂದು ಗೇಣು ಹೀಗೆ ಓಡಿದರೆ ಮುಂದಿನ ಗೇಣಿಗೆ ಎದುರು ತಿರುಗಿರುತ್ತದೆ. ಯಾವ ಕಡೆಯಿಂದ ಉಜ್ಜಿದರೂ ಎಲ್ಲೋ ಒಂದೆಡೆ ಕಿತ್ತು ಬರುತ್ತದೆ. ಹರಿತ ಸಾಲದೆಂದು ಮತ್ತೆ ಮತ್ತೆ ಸಾಣೆ ಹಿಡಿಯುವವರೇ ಹೆಚ್ಚು. ಹರಿತ ಬೇಕು ನಿಜ, ಆದರೆ ಈ ಮರಗಳಲ್ಲಿ ಅರ್ಧ ಕೆಲಸ ಬ್ಲೇಡಿನ ಮೇಲೆ ಕೂರುವ ಲೋಹದ ಪಟ್ಟಿಯಾದ ಕ್ಯಾಪ್ ಐರನ್‌ನದು.

ನನ್ನ ಉಜ್ಜುಗೊರಡು ಕಬ್ಬಿಣದ್ದು, ನಂಬರ್ 4 ಅಳತೆಯದು, ಬ್ಲೇಡು 2 ಇಂಚು ಅಗಲ. ಮೊದಲು ಬ್ಲೇಡಿನ ಬೆನ್ನು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ, ನೀರು ಚಿಮುಕಿಸಿ, 220, 400, 1000, 2000 ಹೀಗೆ ಒರಟಿನಿಂದ ನುಣುಪಿಗೆ ಕ್ರಮವಾಗಿ ತಿಕ್ಕುತ್ತೇನೆ. ಇಡೀ ಬೆನ್ನು ಬೇಡ, ಅಂಚಿಗೆ ಹೊಂದಿದ ಅರ್ಧ ಇಂಚು ಹೊಳೆದರೆ ಸಾಕು. ಕಾರ್ಖಾನೆಯ ಗೀರುಗಳು ಅಂಚಿನವರೆಗೆ ಉಳಿದರೆ ಬ್ಲೇಡಿನ ಇನ್ನೊಂದು ಬದಿಯ ಇಳಿಜಾರನ್ನು ಎಷ್ಟೇ ಉಜ್ಜಿದರೂ ಅಂಚು ಹಲ್ಲುಹಲ್ಲಾಗಿಯೇ ಇರುತ್ತದೆ.

ಇಳಿಜಾರು 25 ಡಿಗ್ರಿ, ತುದಿಯಷ್ಟೇ 30 ಡಿಗ್ರಿ. ಬ್ಲೇಡನ್ನು ಎರಡೂ ಬದಿಯಿಂದ ಹಿಡಿಯುವ ಅಗ್ಗದ ಹೋನಿಂಗ್ ಗೈಡಿನಲ್ಲಿ (ಸಾಣೆ ಹಿಡಿಯುವಾಗ ಕೋನ ಕಾಯುವ ಸಾಧನ) ಬ್ಲೇಡು 38 ಮಿ.ಮೀ. ಹೊರಚಾಚಿದರೆ 30 ಬರುತ್ತದೆ, 50 ಮಿ.ಮೀ. ಚಾಚಿದರೆ 25. 1000ದ ಪೇಪರಿನಲ್ಲಿ ಉಜ್ಜುತ್ತ ಬೆನ್ನಿನ ಕಡೆ ಹೆಬ್ಬೆರಳು ಸವರಿ ನೋಡಬೇಕು. ಲೋಹದ ತೆಳು ಅಂಚು ಮಡಚಿಕೊಂಡು ಬೆರಳಿಗೆ ತಗುಲುತ್ತದೆ. ಅದು ಈ ಮೂಲೆಯಿಂದ ಆ ಮೂಲೆಯವರೆಗೆ ಸಿಗುವ ತನಕ 2000ಕ್ಕೆ ಹೋಗಬೇಡಿ. ಕೊನೆಯ ಉಜ್ಜುಗಳಲ್ಲಿ ಎರಡೂ ಮೂಲೆಗಳ ಮೇಲೆ ಸ್ವಲ್ಪ ಭಾರ ಹಾಕಿದರೆ ಹಲಗೆಯ ಮೇಲೆ ಗೆರೆ ಬೀಳುವುದಿಲ್ಲ. ಆಮೇಲೆ ಬೆನ್ನನ್ನು ಚಪ್ಪಟೆಯಾಗಿಟ್ಟು ಒಂದೆರಡು ಸಲ ಎಳೆದರೆ ಆ ಮಡಿಕೆ ಹೋಗುತ್ತದೆ. ಒಣ ಗ್ರೈಂಡರಿಗೆ ಕೊಡುವುದಾದರೆ ಪಕ್ಕದಲ್ಲಿ ನೀರಿರಲಿ. ಅಂಚು ನೀಲಿ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆ ನೀಲಿಯಷ್ಟನ್ನೂ ಸವೆಸಿ ತೆಗೆಯದೆ ಹರಿತ ನಿಲ್ಲದು.

ಈಗ ಕ್ಯಾಪ್ ಐರನ್. ಬ್ಲೇಡಿಗೆ ಬಿಗಿದು ಬೆಳಕಿಗೆ ಹಿಡಿಯಿರಿ, ಸಂದಿನಲ್ಲಿ ಬೆಳಕು ಕಂಡರೆ ಹೊಟ್ಟು ಅಲ್ಲೇ ಹೊಕ್ಕು ಕಟ್ಟಿಕೊಳ್ಳುತ್ತದೆ. ಅದರ ಅಡಿಯನ್ನು ಮುಂದಿನ ಅಂಚು ಮಾತ್ರ ತಾಗುವಂತೆ ತಿಕ್ಕಿ, ಮೂತಿಗೆ ಸುಮಾರು 50 ಡಿಗ್ರಿಯ ಸಣ್ಣ ಇಳಿಜಾರು ಕೊಡುತ್ತೇನೆ. ನೇರ ನಾರಿನ ತೇಗಕ್ಕೆ ಬ್ಲೇಡಿನ ಅಂಚಿನಿಂದ ಅರ್ಧ ಮಿ.ಮೀ. ಹಿಂದಿಟ್ಟರೆ ಸಾಕು. ಬೇವಿಗೆ 0.2 ಮಿ.ಮೀ., ಕಣ್ಣಿಗೆ ಕೂದಲೆಳೆಯಷ್ಟು ಹೊಳಪು ಕಂಡರೆ ಸರಿ. ಅಷ್ಟು ಹತ್ತಿರವಿದ್ದಾಗ ಹೊಟ್ಟು ಎದ್ದೊಡನೆ ಮುರಿದು ಬಾಗುವುದರಿಂದ ನಾರನ್ನು ಬುಡದಿಂದ ಎತ್ತಲು ಅದಕ್ಕೆ ಬಲ ಸಿಗುವುದಿಲ್ಲ. ಹೊಟ್ಟು ಸುರುಳಿ ಸುತ್ತದೆ ನೆಟ್ಟಗೆ ಮೇಲೆದ್ದರೆ ಸರಿಯಾಗಿ ಕೂತಿದೆ ಎಂದರ್ಥ. ನೆರಿಗೆ ನೆರಿಗೆಯಾಗಿ ಬಂದು ಗೊರಡಿನ ಬಾಯಿ (ತಳದಲ್ಲಿ ಬ್ಲೇಡು ಹೊರಬರುವ ಸಂದು) ಕಟ್ಟಿದರೆ ತೀರ ಹತ್ತಿರವಾಯಿತು, ಇಲ್ಲವೇ ಬಾಯಿ ಕಿರಿದಾಯಿತು. ಬ್ಲೇಡು ಒರಗಿ ಕೂರುವ ಫ್ರಾಗನ್ನು ಬಾಯಿಯ ಹಿಂಬದಿಗೆ ಸಮವಾಗಿ ಸರಿಸಿ ಬಾಯಿ ಅಗಲವಾಗಿಯೇ ಬಿಡುವುದು ನನ್ನ ಕ್ರಮ.

ತಳ ತಿಕ್ಕುವಾಗ ಬ್ಲೇಡು ಹಿಂದೆ ಸರಿದಿರಲಿ, ಆದರೆ ಒಳಗೇ ಇದ್ದು ಅದನ್ನು ಒತ್ತಿ ಹಿಡಿಯುವ ಲಿವರ್ ಬಿಗಿಯಾಗಿರಬೇಕು. ಬಿಗಿತಕ್ಕೆ ತಳ ತುಸು ಬಾಗುತ್ತದೆ. ತಳದ ಮುಂತುದಿ, ಬಾಯಿಯ ಮುಂದು, ಹಿಂತುದಿ ಈ ಮೂರೂ ಒಂದೇ ಮಟ್ಟಕ್ಕೆ ಬಂದರೆ ನಡುವಿನ ತಗ್ಗಿನಿಂದ ತೊಂದರೆಯಿಲ್ಲ. ತಳಕ್ಕೆ ಮೇಣದಬತ್ತಿ ಉಜ್ಜಿ. ಆಳ ಹೊಂದಿಸುವ ಹಿತ್ತಾಳೆ ತಿರುಪಿನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಹಾಗಾಗಿ ಕೊನೆಯ ತಿರುವು ಯಾವಾಗಲೂ ಬ್ಲೇಡು ಮುಂದೆ ಬರುವ ಕಡೆಗಿರಲಿ. ಹಿಂದಕ್ಕೆ ತಿರುಗಿಸಿ ಬಿಟ್ಟರೆ ನಾಲ್ಕು ತಳ್ಳುವಷ್ಟರಲ್ಲಿ ಬ್ಲೇಡು ತಾನೇ ಒಳಸರಿಯುತ್ತದೆ.