ಮತಕ್ಕೆ ತಕ್ಕ ಸೀಟು, ನೂರೈವತ್ತು ಪದಗಳಲ್ಲಿ

ನನ್ನ ಮೊದಲ ಪತ್ರ ಎಂಟು ಪುಟ ಇತ್ತು. ಹಾಳೆಯ ಎರಡೂ ಬದಿಗೆ, ಕೈಬರಹದಲ್ಲಿ. ಪೀಠಿಕೆಯೇ ಎರಡು ಪುಟ. ಅಂಚೆಗೆ ಹಾಕಿದ ಮೇಲೆ ಹದಿನೈದು ದಿನ, ಪತ್ರಿಕೆ ಕೈಗೆ ಬಂದ ಕೂಡಲೇ ಓದುಗರ ಪತ್ರಗಳ ಜಾಗಕ್ಕೇ ಕಣ್ಣು ಹೋಗುತ್ತಿತ್ತು. ಬರಲಿಲ್ಲ. ಅಂಥದ್ದು ಬರುವುದೂ ಇಲ್ಲ ಅಂತ ಅರ್ಥವಾಗಲು ಇನ್ನೂ ಮೂರು ಪತ್ರ ಹಾಳಾಗಬೇಕಾಯಿತು.

ನಾನು ಯಾವ ಪಕ್ಷದವಳೂ ಅಲ್ಲ. ನನಗಿರುವುದು ಒಂದೇ ಹಟ. ಒಂದು ಪಕ್ಷಕ್ಕೆ ನೂರಕ್ಕೆ ಇಪ್ಪತ್ತು ಜನ ಮತ ಹಾಕಿದ್ದರೆ ಸದನದಲ್ಲೂ ಅದಕ್ಕೆ ಸುಮಾರು ಅಷ್ಟೇ ಪಾಲು ಸಿಗಬೇಕು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದವರು ಗೆದ್ದರು, ಉಳಿದವರ ಮತವೆಲ್ಲ ನೀರುಪಾಲು ಅನ್ನುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ನನ್ನ ಬೇಡಿಕೆಗೆ ಪುಸ್ತಕದಲ್ಲಿರುವ ಹೆಸರು ‘ಅನುಪಾತೀಯ ಪ್ರಾತಿನಿಧ್ಯ’. ಈ ಎರಡು ಪದ ಕಿವಿಗೆ ಬಿದ್ದ ಕೂಡಲೇ ಎದುರಿಗಿರುವವರಿಗೆ ಆಕಳಿಕೆ ಶುರುವಾಗುತ್ತದೆ. ಮನೆಯವರ ಮೇಲೇ ಪ್ರಯೋಗ ಮಾಡಿ ನೋಡಿದ್ದೇನೆ.

ಐದನೇ ಪತ್ರ ಕಳಿಸಿದಾಗ ಪತ್ರಿಕೆಯಿಂದ ಫೋನ್ ಬಂತು. ಆ ಅಂಕಣ ನೋಡಿಕೊಳ್ಳುವ ಉಪಸಂಪಾದಕರು. ದನಿ ಕೇಳಿದರೆ ಚಿಕ್ಕ ವಯಸ್ಸಿನವರು.

“ಮೇಡಂ, ನೀವು ಕಳಿಸಿರೋದ್ರಲ್ಲಿ ನಾಲ್ಕು ಪತ್ರ ಇವೆ. ಯಾವುದನ್ನ ಹಾಕಲಿ?”

“ನಾನು ಕಳಿಸಿದ್ದು ಒಂದೇ ಅಲ್ವಾ?”

“ಇಲ್ಲ ಮೇಡಂ. ಈಗಿನ ಪದ್ಧತಿ ತಪ್ಪು ಅನ್ನೋದು ಒಂದು. ಬೇರೆ ದೇಶದ ಕಥೆ ಇನ್ನೊಂದು. ನಮ್ಮ ಮೊನ್ನೆಯ ಸಂಪಾದಕೀಯಕ್ಕೆ ಉತ್ತರ ಮತ್ತೊಂದು. ಕೊನೆಗೆ ಜನರಿಗೆ ಕರೆ. ನನ್ನ ಹತ್ರ ಇರೋದು ನೂರೈವತ್ತು ಪದಕ್ಕೆ ಜಾಗ.”

ಸಂಪಾದಕೀಯಕ್ಕೆ ಕೊಟ್ಟ ಉತ್ತರ ಹಾಕಿ ಅಂದೆ. ಅಚ್ಚಾದ ನನ್ನ ಮೊದಲ ಪತ್ರ ಅದೇ. ಉಳಿದ ಮೂರು ತುಂಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನನ್ನ ಕೆಲಸವೆಲ್ಲ ಆ ನೋಟ್‌ಬುಕ್ಕಿನಿಂದಲೇ ನಡೆದಿದೆ. ಒಂದು ಪುಟಕ್ಕೆ ಒಂದೇ ಮಾತು, ಅದರ ಕೆಳಗೆ ಅದಕ್ಕೆ ಬೇಕಾದ ಅಂಕಿ, ಆ ಅಂಕಿ ಎಲ್ಲಿ ಸಿಕ್ಕಿತು ಅನ್ನುವ ಗುರುತು. ಸರಿಯಾದ ಸುದ್ದಿ ಬರುವ ತನಕ ಆ ಪುಟ ಹಾಗೇ ಕಾಯುತ್ತದೆ. ಕೆಲವು ಎರಡು ವರ್ಷ ಕಾದಿವೆ.

ಕಾಯುವುದು ಯಾಕೆ ಅಂದರೆ, ಸುಮ್ನೆ ಒಂದು ದಿನ ಎದ್ದು ಚುನಾವಣಾ ಪದ್ಧತಿ ಬದಲಾಯಿಸಿ ಅಂತ ಬರೆದರೆ ಪತ್ರಿಕೆಗೆ ಅದನ್ನು ಇವತ್ತೇ ಹಾಕಬೇಕು ಅನ್ನಿಸುವುದಿಲ್ಲ. ನಾಳೆಯೂ ಹಾಕಬಹುದು. ಹಾಗಾಗಿ ಎಂದೂ ಹಾಕುವುದಿಲ್ಲ. ಅದೇ, ಎಲ್ಲೋ ಫಲಿತಾಂಶ ಬಂತು, ವರದಿ ಅಚ್ಚಾಯಿತು, ಆ ವರದಿಯಲ್ಲಿ ಒಂದು ಪದ ನಿಮಗೆ ಚುಚ್ಚಿತು ಅಂದುಕೊಳ್ಳಿ. ಅದನ್ನು ಹಿಡಿದು ಅವತ್ತು ಮಧ್ಯಾಹ್ನದೊಳಗೆ ಬರೆದು ಕಳಿಸಿದರೆ ಅದಕ್ಕೊಂದು ಜಾಗ ಇರುತ್ತದೆ. ಮೂರು ದಿನ ಬಿಟ್ಟು ಕಳಿಸಿದ ಒಳ್ಳೆಯ ಪತ್ರಕ್ಕಿಂತ ಅವತ್ತೇ ಹೋದ ಸಾಧಾರಣ ಪತ್ರಕ್ಕೆ ಬೆಲೆ ಜಾಸ್ತಿ. ಇದು ನ್ಯಾಯವಲ್ಲ, ಆದರೆ ಇರುವುದು ಹೀಗೆ.

ಗಾಂಧೀಜಿ ಮಾಡಿದ್ದೂ ಇದನ್ನೇ. 1893ರಲ್ಲಿ ಡರ್ಬನ್ನಿಗೆ ಹೋದ ಹೊಸದರಲ್ಲಿ, ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಪೇಟ ತೆಗೆಯಿರಿ ಅಂದರು. ಗಾಂಧೀಜಿ ಎದ್ದು ಹೊರಗೆ ಬಂದರು, ನಡೆದದ್ದನ್ನು ಪತ್ರಿಕೆಗೆ ಬರೆದರು. ಊರಿಗೆ ಹೊಸಬರಾಗಿದ್ದವರ ಹೆಸರು ಪತ್ರಿಕೆಗಳಲ್ಲಿ ಚರ್ಚೆಗೆ ಬಂತು. ಅಲ್ಲಿ ಅವರು ವರ್ಣಭೇದದ ಇಡೀ ಇತಿಹಾಸ ಬರೆಯಲು ಹೋಗಲಿಲ್ಲ. ಮಾತು ಪೇಟದ್ದು.

2024ರ ಜುಲೈನಲ್ಲಿ ಬ್ರಿಟನ್ನಿನ ಫಲಿತಾಂಶ ಬಂದಾಗ ನಾನು ಕಳಿಸಿದ್ದನ್ನು ಪೂರ್ತಿ ಕೊಡುತ್ತೇನೆ:

“ಮಾನ್ಯರೇ, ಬ್ರಿಟನ್ನಿನಲ್ಲಿ ಲೇಬರ್ ಪಕ್ಷಕ್ಕೆ ‘ಭಾರಿ ಜನಾದೇಶ’ ಸಿಕ್ಕಿದೆ ಎಂದು ನಿಮ್ಮ ವರದಿ ಹೇಳುತ್ತದೆ. ಆ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ 34. ಸಿಕ್ಕ ಸೀಟು 650ರಲ್ಲಿ 411. ಮೂವರಲ್ಲಿ ಒಬ್ಬರು ಒಪ್ಪಿದ್ದು ಭಾರಿ ಜನಾದೇಶವಾದರೆ, ಉಳಿದ ಇಬ್ಬರು ಹೇಳಿದ್ದಕ್ಕೆ ಏನೆಂದು ಹೆಸರಿಡೋಣ? ಮತಕ್ಕೆ ತಕ್ಕ ಸೀಟು ಬೇಕು ಎಂದು ಕೆಲವರು ಕೇಳುತ್ತಿರುವುದು ಇದಕ್ಕೇ.”

ಅಷ್ಟೇ. ಅನುಪಾತೀಯ ಪ್ರಾತಿನಿಧ್ಯ ಅನ್ನುವ ಹೆಸರೇ ಇಲ್ಲ, ನೋಡಿ. ‘ಮತಕ್ಕೆ ತಕ್ಕ ಸೀಟು’ ಅನ್ನುವುದು ನಾನು ಎರಡು ವರ್ಷ ತಿಣುಕಾಡಿ ಹುಡುಕಿಕೊಂಡ ಮಾತು. ಪಂಡಿತರು ಇದರಲ್ಲಿ ಹತ್ತು ಕೊರತೆ ತೋರಿಸಬಲ್ಲರು. ತೋರಿಸಲಿ. ಓದಿದವರು ಮರುದಿನ ಇನ್ನೊಬ್ಬರಿಗೆ ಬಾಯಲ್ಲಿ ಹೇಳಬಲ್ಲಂಥ ಮಾತು ಬೇಕಿತ್ತು, ಅದು ಸಿಕ್ಕಿತು. ಆಮೇಲೆ ಎಲ್ಲ ಪತ್ರದಲ್ಲೂ ಇದೊಂದನ್ನೇ ಬಳಸಿದೆ. ಪರ್ಯಾಯ ಪದ ಹುಡುಕಿ ಭಾಷೆ ಮೆರೆಸುವ ಜಾಗ ಇದಲ್ಲ.

ಅಂಕಿಗಳ ವಿಷಯದಲ್ಲಿ ನಾನು ಜಾಸ್ತಿ ಎಡವಿದ್ದೇನೆ. 2015ರ ಬ್ರಿಟನ್ ಚುನಾವಣೆ ಬಗ್ಗೆ ಬರೆದ ಒಂದು ಪತ್ರದಲ್ಲಿ ಹನ್ನೊಂದು ಅಂಕಿ ತುಂಬಿದ್ದೆ. ಓದಿದ ಗೆಳತಿ, “ಇದೇನೇ, ಬ್ಯಾಂಕ್ ಪಾಸ್‌ಬುಕ್ಕಾ?” ಅಂದಳು. ಹನ್ನೊಂದರಲ್ಲಿ ಎರಡೇ ಸಾಕಿತ್ತು. ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕು ಅನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ 38 ಲಕ್ಷಕ್ಕೂ ಜಾಸ್ತಿ ಮತ, ಸೀಟು ಒಂದೇ ಒಂದು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 14 ಲಕ್ಷ ಚಿಲ್ಲರೆ ಮತ, ಸೀಟು 56.

ಈ ಉದಾಹರಣೆಯಿಂದ ಇನ್ನೊಂದು ಕಲಿತೆ. ಯುಕಿಪ್‌ನ ರಾಜಕೀಯ ನನಗೆ ಒಂಚೂರೂ ಹಿಡಿಸುವುದಿಲ್ಲ. ಅದನ್ನೇ ಪತ್ರದ ಮೊದಲ ಸಾಲಿನಲ್ಲಿ ಬರೆದೆ. ‘ನಾನು ಈ ಪಕ್ಷವನ್ನು ಮೆಚ್ಚುವವಳಲ್ಲ, ಆದರೂ ಅದಕ್ಕೆ ಅನ್ಯಾಯ ಆಗಿದೆ’ ಅಂತ. ನಮಗೆ ಬೇಕಾದ ಪಕ್ಷದ ಸೋಲನ್ನು ಉದಾಹರಣೆ ಕೊಟ್ಟರೆ ಓದುವವರು ‘ಓಹೋ, ಹೊಟ್ಟೆಯುರಿ’ ಅಂದುಕೊಂಡು ಮುಂದೆ ಹೋಗುತ್ತಾರೆ. ಬೇಡದ ಪಕ್ಷದ ಪರವಾಗಿ ಮಾತಾಡಿದರೆ ನಿಂತು ಓದುತ್ತಾರೆ. ಆ ಪತ್ರಕ್ಕೆ ಬಂದಷ್ಟು ಪ್ರತಿಕ್ರಿಯೆ ಬೇರೆ ಯಾವುದಕ್ಕೂ ಬಂದಿಲ್ಲ.

ಕತ್ತರಿ ಬೀಳುವುದಂತೂ ಖಂಡಿತ. ಡೆಸ್ಕಿನವರು ಸಾಮಾನ್ಯವಾಗಿ ಬಾಲದಿಂದ ಕತ್ತರಿಸುತ್ತಾರೆ. ನಾನು ಮೊದಮೊದಲು ವಾದವನ್ನೆಲ್ಲ ಕಟ್ಟಿ, ಬೇಡಿಕೆಯನ್ನು ಕೊನೆಗೆ ಇಡುತ್ತಿದ್ದೆ. ಒಮ್ಮೆ ಆ ಕೊನೆಯೇ ಹೋಯಿತು. ಅಚ್ಚಾಗಿದ್ದನ್ನು ಓದಿದರೆ ನಾನು ಈಗಿನ ಪದ್ಧತಿಯನ್ನು ವಿವರಿಸಿ, ಹೊಗಳಿ ಸುಮ್ಮನಾದಂತಿತ್ತು. ಮಾರನೇ ದಿನದಿಂದ ಹೇಳಬೇಕಾದ್ದನ್ನು ಮೊದಲ ಎರಡು ವಾಕ್ಯದಲ್ಲೇ ಹೇಳಲು ಶುರು ಮಾಡಿದೆ. ಕಳಿಸುವ ಮುಂಚೆ ಕೊನೆಯ ಸಾಲನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. ಆಗಲೂ ಪತ್ರ ನಿಂತರೆ ಸರಿ.

ಒಬ್ಬರು ಬೇಡ ಅಂದದ್ದನ್ನು ಇನ್ನೊಬ್ಬರಿಗೆ ಕಳಿಸಲು ಹಿಂಜರಿಯಬಾರದು. ಮೊದಲ ಮಹಾಯುದ್ಧದಲ್ಲಿ ಮಾತುಕತೆಯಿಂದ ಶಾಂತಿ ಹುಡುಕಿ ಅಂತ ಲಾರ್ಡ್ ಲ್ಯಾನ್ಸ್‌ಡೌನ್ ಬರೆದ ಪತ್ರವನ್ನು ಲಂಡನ್ನಿನ ‘ಟೈಮ್ಸ್’ ಹಾಕಲಿಲ್ಲ. 1917ರ ನವೆಂಬರ್ 29ರಂದು ‘ಡೈಲಿ ಟೆಲಿಗ್ರಾಫ್’ ಹಾಕಿತು. ದೊಡ್ಡ ಗದ್ದಲ ಆಯಿತು. ಅವರು ಹಿಂದೆ ವಿದೇಶಾಂಗ ಮಂತ್ರಿಯಾಗಿದ್ದವರು. ಅಂಥವರ ಪತ್ರವೇ ವಾಪಸ್ ಬಂದಿದೆ, ನಮ್ಮದೇನು. ಆದರೆ ಒಂದೇ ಪತ್ರವನ್ನು ಒಟ್ಟಿಗೇ ನಾಲ್ಕು ಕಡೆ ಕಳಿಸಬೇಡಿ. ಎರಡು ಪತ್ರಿಕೆಯಲ್ಲಿ ಒಂದೇ ದಿನ ಬಂದರೆ ಎರಡೂ ಕಡೆ ನಿಮ್ಮ ಹೆಸರು ಕೆಡುತ್ತದೆ.

ಇದರ ದೊಡ್ಡ ರೂಪವನ್ನು ನಾವು ಗುಂಪಾಗಿ ಮಾಡಿ ಕೈ ಸುಟ್ಟುಕೊಂಡಿದ್ದೂ ಆಗಿದೆ. ಒಂದಷ್ಟು ಸಮಾನ ಮನಸ್ಸಿನವರು ಸೇರಿದ್ದೆವು. ನಾನು ಒಂದು ಮಾದರಿ ಪತ್ರ ಬರೆದುಕೊಟ್ಟೆ. ನಿಮ್ಮ ಮಾತಿನಲ್ಲಿ ಬರೆಯಿರಿ ಅಂತ ಹೇಳಿದ್ದೆ. ಒಂಬತ್ತು ಜನ ಹೆಸರು ಮಾತ್ರ ಬದಲಾಯಿಸಿ ಕಳಿಸಿದರು. ನನ್ನ ಒಂದು ಕಾಗುಣಿತದ ತಪ್ಪು ಸಮೇತ. ಅದೇ ಉಪಸಂಪಾದಕರು ಫೋನ್ ಮಾಡಿ, “ಮೇಡಂ, ಒಂಬತ್ತು ಜನಕ್ಕೂ ಒಂದೇ ತಪ್ಪು ಹೇಗೆ ಬಂತು?” ಅಂದರು. ನಾಚಿಕೆಯಿಂದ ಮಾತೇ ಹೊರಡಲಿಲ್ಲ. ಆರು ತಿಂಗಳು ನಮ್ಮ ಯಾರ ಪತ್ರವೂ ಆ ಪತ್ರಿಕೆಯಲ್ಲಿ ಬರಲಿಲ್ಲ. ಇದು ನಮ್ಮೊಬ್ಬರ ಪೆದ್ದುತನವಲ್ಲ. 2003ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಸೈನಿಕರ ಹೆಸರಿನಲ್ಲಿ, ಅಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನುವ ಒಂದೇ ಪತ್ರ ಅವರ ದೇಶದ ಹಲವು ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಪತ್ರಿಕೆಗೆ ಬೇರೆ ಬೇರೆ ಸಹಿಯ ಎರಡು ಪ್ರತಿ ಹೋಗಿ ಗುಟ್ಟು ಬಯಲಾಯಿತು. ಈಗ ನಾವು ಮಾದರಿ ಹಂಚುವುದಿಲ್ಲ. ಸುದ್ದಿಯ ತುಣುಕು, ಒಂದು ಅಂಕಿ ಕೊಟ್ಟು ಬಿಟ್ಟುಬಿಡುತ್ತೇವೆ. ಹತ್ತು ಜನರಲ್ಲಿ ಇಬ್ಬರೇ ಬರೆಯುತ್ತಾರೆ. ಆ ಎರಡು ಮಾತ್ರ ಅವರದೇ.

ಹೆಸರು ಮರೆಮಾಚಿ ಬರೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಹಿಂದೆ ಅದೇ ರೂಢಿ. ಬೆಂಜಮಿನ್ ಫ್ರಾಂಕ್ಲಿನ್ 1722ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ನಡುವಯಸ್ಸಿನ ವಿಧವೆಯ ಹೆಸರಿಟ್ಟುಕೊಂಡು ಸ್ವಂತ ಅಣ್ಣನ ಪತ್ರಿಕೆಗೇ ಹದಿನಾಲ್ಕು ಪತ್ರ ಕಳಿಸಿದ. ಆಗ ಅಣ್ಣನಿಗೆ ಗೊತ್ತೇ ಆಗಲಿಲ್ಲ. 1769ರಿಂದ 1772ರ ತನಕ ಲಂಡನ್ನಿನ ಪತ್ರಿಕೆಯಲ್ಲಿ ‘ಜೂನಿಯಸ್’ ಅನ್ನುವ ಹೆಸರಿನಲ್ಲಿ ಮಂತ್ರಿಗಳನ್ನು, ಕೊನೆಗೆ ದೊರೆಯನ್ನೂ ಬೆಂಡೆತ್ತಿದವರು ಯಾರು ಅಂತ ಇವತ್ತಿಗೂ ಖಚಿತವಿಲ್ಲ. ಈಗ ಪತ್ರಿಕೆಗಳು ಹೆಸರು, ವಿಳಾಸ, ಫೋನ್ ನಂಬರ್ ಇಲ್ಲದ ಪತ್ರವನ್ನು ಓದುವುದೂ ಕಷ್ಟ. ಮಾನನಷ್ಟದ ಕೇಸು ಬಿದ್ದರೆ ಬರೆದವರೂ ಸಿಕ್ಕಿಬೀಳುತ್ತಾರೆ. ಪದ್ಧತಿಯನ್ನು ಬಯ್ಯಿರಿ, ವ್ಯಕ್ತಿಯನ್ನು ಬಿಡಿ.

ನಮಗೆ ವಿರೋಧವಾಗಿ ಬರುವ ಪತ್ರಗಳನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಒಬ್ಬರು ಇಸ್ರೇಲಿನ ಉದಾಹರಣೆ ಎಸೆದರು. ಅಲ್ಲಿ ಮತಕ್ಕೆ ತಕ್ಕ ಸೀಟೇ ಇದೆ. 2019ರಿಂದ 2022ರೊಳಗೆ ಐದು ಚುನಾವಣೆ ನಡೆದವು, ನಿಮಗೆ ಇದು ಬೇಕಾ ಅಂತ ಕೇಳಿದ್ದರು. ಕೋಪದಲ್ಲಿ ಬರೆದ ಮೊದಲ ಉತ್ತರವನ್ನು ಹರಿದು ಹಾಕಿದೆ. ಆ ಮಾತು ನಿಜ, ಒಪ್ಪಬೇಕಾದ್ದೇ ಅಂತ ಎರಡನೆಯದನ್ನು ಶುರು ಮಾಡಿದೆ. ಇಸ್ರೇಲಿನಲ್ಲಿ ಸದನಕ್ಕೆ ಬರಲು ಪಕ್ಷಕ್ಕೆ ನೂರಕ್ಕೆ 3.25ರಷ್ಟು ಮತ ಸಾಕು. ಜರ್ಮನಿ, ನ್ಯೂಜಿಲೆಂಡಿನಲ್ಲಿ ಸಾಮಾನ್ಯವಾಗಿ 5 ಬೇಕು. ಈ ಮಿತಿ ಕಡಿಮೆ ಇದ್ದಷ್ಟೂ ಸಣ್ಣ ಪಕ್ಷಗಳು ಜಾಸ್ತಿ ಬಂದು ಸರ್ಕಾರ ನಿಲ್ಲುವುದು ಕಷ್ಟ, ಹಾಗಾಗಿ ಮಿತಿ ಎಲ್ಲಿಡಬೇಕು ಅನ್ನುವ ಚರ್ಚೆ ಮಾಡೋಣ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಅವರ ಮುಂದಿನ ಪತ್ರ ಮಿತಿಯ ಬಗ್ಗೆಯೇ ಇತ್ತು!

ಇದೆಲ್ಲ ಮಾಡಿ ಏನಾಯಿತು ಅಂತ ಕೇಳುವವರಿಗೆ ನನ್ನ ಹತ್ತಿರ ಲೆಕ್ಕ ಇಲ್ಲ. ಯಾವ ಪತ್ರ ಯಾರ ಕೈಗೆ ಬೀಳುತ್ತದೋ ಹೇಳಲಾಗುವುದಿಲ್ಲ. 1958ರ ಜನವರಿಯಲ್ಲಿ ಓಲ್ಗಾ ಹಕಿನ್ಸ್ ಅನ್ನುವವರು ‘ಬೋಸ್ಟನ್ ಹೆರಾಲ್ಡ್’ಗೆ ಬರೆದರು. ಸೊಳ್ಳೆಗೆ ಅಂತ ವಿಮಾನದಿಂದ ಡಿಡಿಟಿ ಸಿಂಪಡಿಸಿದ್ದರಿಂದ ತಮ್ಮ ಜಾಗದಲ್ಲಿ ಹಕ್ಕಿಗಳು ಸತ್ತು ಬಿದ್ದವು ಅಂತ. ಪತ್ರದ ಒಂದು ಪ್ರತಿಯನ್ನು ಗೆಳತಿ ರೇಚೆಲ್ ಕಾರ್ಸನ್ನರಿಗೂ ಕಳಿಸಿದರು. ಲೇಖಕಿ ಕಾರ್ಸನ್ 1962ರಲ್ಲಿ ಇಂಥ ಕೀಟನಾಶಕಗಳ ಹಾನಿಯ ಬಗ್ಗೆ ‘ಸೈಲೆಂಟ್ ಸ್ಪ್ರಿಂಗ್’ ಅನ್ನುವ ಪುಸ್ತಕ ತಂದರು. 1972ರಲ್ಲಿ ಅಮೆರಿಕ ಡಿಡಿಟಿಯ ಬಹುತೇಕ ಬಳಕೆ ನಿಷೇಧಿಸಿತು. ಹಕಿನ್ಸ್ ಆ ಪ್ರತಿಯನ್ನು ಕಳಿಸಿದ್ದು ನನಗೆ ಪತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾನೂ ಅಚ್ಚಾದ ಪ್ರತಿ ಪತ್ರವನ್ನು ಒಬ್ಬರಾದರೂ ಜನಪ್ರತಿನಿಧಿಗೆ ಕಳಿಸುತ್ತೇನೆ. ಇವತ್ತಿನ ತನಕ ಬಂದ ಉತ್ತರ ಎರಡು. ಎರಡೂ ಹೊಸ ವರ್ಷದ ಶುಭಾಶಯ.

ಒಂದು ತಪ್ಪಿನ ಕಥೆ ಹೇಳಬೇಕು. ನ್ಯೂಜಿಲೆಂಡಿನ ಉದಾಹರಣೆ ನನಗೆ ಬಹಳ ಇಷ್ಟ. 1981ರಲ್ಲಿ ಅಲ್ಲಿ ಒಂದು ಸಣ್ಣ ಪಕ್ಷಕ್ಕೆ ನೂರಕ್ಕೆ 20ಕ್ಕೂ ಜಾಸ್ತಿ ಮತ ಬಿತ್ತು, 92 ಸೀಟಿನಲ್ಲಿ ಸಿಕ್ಕಿದ್ದು 2. ಕೊನೆಗೆ ಜನರೇ ಮತ ಹಾಕಿ ಪದ್ಧತಿ ಬದಲಾಯಿಸಿದರು. ಅದು 1993ರಲ್ಲಿ. ಹೊಸ ಪದ್ಧತಿಯ ಮೊದಲ ಚುನಾವಣೆ 1996ರಲ್ಲಿ. ನಾನು ಅವಸರದಲ್ಲಿ ‘1996ರ ಜನಮತಗಣನೆ’ ಅಂತ ಬರೆದುಬಿಟ್ಟೆ. ನೋಟ್‌ಬುಕ್ ತೆಗೆದು ನೋಡಿರಲಿಲ್ಲ. ಅಚ್ಚಾದ ಮೇಲೆ ಗೊತ್ತಾಗಿ, ತಪ್ಪು ನನ್ನದು ಅಂತ ಎರಡು ಸಾಲು ಕಳಿಸಿದೆ. ಅದೂ ಬಂತು, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಕಳೆದ ತಿಂಗಳು ಬೇರೊಂದು ಪತ್ರಿಕೆಯಲ್ಲಿ ನನಗೆ ಪರಿಚಯವೇ ಇಲ್ಲದವರ ಪತ್ರ ಬಂದಿತ್ತು. ಶೀರ್ಷಿಕೆಯೇ ‘ಮತಕ್ಕೆ ತಕ್ಕ ಸೀಟು’. ಎಲ್ಲರೂ ಆಡುವ ಮಾತೇನೋ ಅನ್ನುವ ಹಾಗೆ, ಎಲ್ಲಿಂದ ಬಂತು ಅನ್ನುವ ಗೊಡವೆ ಇಲ್ಲದೆ ಬರೆದಿದ್ದರು. ಎದ್ದು ಕುಣಿಯುವುದೊಂದು ಬಾಕಿ. ಎರಡನೇ ಪ್ಯಾರಾಗೆ ಬಂದೆ. ‘ನ್ಯೂಜಿಲೆಂಡಿನ ಜನ 1996ರಲ್ಲಿ ಮತ ಹಾಕಿ ಪದ್ಧತಿ ಬದಲಾಯಿಸಿದ ಹಾಗೆ’ ಅಂತಿತ್ತು.

ಅವತ್ತು ಮಧ್ಯಾಹ್ನದೊಳಗೆ ಬರೆದು ಕಳಿಸಿದೆ. ಅದು 1993, ತಪ್ಪು ಮೂಲತಃ ನನ್ನದು ಅಂತ. ಮೂವತ್ತೊಂದು ಪದ. ಇನ್ನೂ ಅಚ್ಚಾಗಿಲ್ಲ.