ಟ್ಯಾವಿಸ್ಟಾಕ್: ಬೆಳಿಗ್ಗೆ ಸಂತೆ, ಮಧ್ಯಾಹ್ನ ಬಯಲು

ಇಂಗ್ಲೆಂಡಿನ ಡೆವನ್‌ಗೆ ಹೋದವರು ಜಾಸ್ತಿ ಕಡಲ ತೀರಕ್ಕೇ ಓಡುತ್ತಾರೆ. ನಾನು ಡಾರ್ಟ್‌ಮೂರ್ ಬಯಲಿನ ಅಂಚಿನಲ್ಲಿರುವ ಟ್ಯಾವಿಸ್ಟಾಕ್ ಆರಿಸಿಕೊಂಡೆ. ಊರಿನ ಸ್ಟೇಷನ್ 1968ರಲ್ಲೇ ಮುಚ್ಚಿದೆ. ಹಾಗಾಗಿ ಪ್ಲಿಮತ್‌ವರೆಗೆ ರೈಲು, ಮುಂದಕ್ಕೆ ಬಸ್.

ಸಂತೆಯ ದಿನವಾದ ಶುಕ್ರವಾರವೇ ಆಗಬೇಕು ಅಂತ ದಿನ ನೋಡಿಕೊಂಡು ಹೊರಟಿದ್ದೆ. 1105ರಲ್ಲಿ ರಾಜ ಒಂದನೇ ಹೆನ್ರಿ ಇಲ್ಲಿನ ಮಠಕ್ಕೆ ವಾರದ ಸಂತೆ ನಡೆಸಲು ಸನದು ಕೊಟ್ಟ. 1539ರಲ್ಲಿ ಮಠ ಮುಚ್ಚಿತು, ಸಂತೆ ನಿಲ್ಲಲಿಲ್ಲ. ಈಗ ಅದು ಪ್ಯಾನಿಯರ್ ಮಾರ್ಕೆಟ್ ಎಂಬ ದೊಡ್ಡ ಕಟ್ಟಡದೊಳಗೆ ನಡೆಯುತ್ತದೆ. ಒಂದು ಮೇಜಿನ ಮೇಲೆ ತುಕ್ಕು ಒರೆಸಿ ಎಣ್ಣೆ ಹಚ್ಚಿದ ಉಳಿ, ಸುತ್ತಿಗೆ. ಪಕ್ಕದಲ್ಲೇ ಮನೆಯಲ್ಲಿ ಮಾಡಿದ ಜಾಮ್, ಶೀಸೆಗಳ ಮೇಲೆ ಕೈಬರಹದ ಚೀಟಿ. ನಾನು ಉಳಿಯ ಹಿಡಿ ತಿರುಗಿಸಿ ನೋಡುತ್ತಿದ್ದರೆ ಅಂಗಡಿಯ ಅಜ್ಜ ತಾನಾಗಿಯೇ ಒಂದು ಪೌಂಡ್ ಇಳಿಸಿದ! ಚೌಕಾಸಿ ಮಾಡುವ ಆಸೆ ಹಾಗೇ ಉಳಿಯಿತು.

ಹೊರಗೆ ಬಂದು ಗೋಡೆಗಳನ್ನು ನೋಡಿ. ಹರ್ಡ್‌ವಿಕ್ ಎಂಬ ಹಸಿರು ಛಾಯೆಯ ಕಲ್ಲು, ಮಳೆ ಬಿದ್ದಾಗ ಬಣ್ಣ ಇನ್ನೂ ಗಾಢವಾಗುತ್ತದೆ. 19ನೇ ಶತಮಾನದಲ್ಲಿ ಊರಿನ ಜಮೀನಿನ ಒಡೆಯರಾಗಿದ್ದ ಬೆಡ್‌ಫರ್ಡ್ ಡ್ಯೂಕರು ತಾಮ್ರದ ಗಣಿಯ ಹಣದಿಂದ ಊರನ್ನು ಹೊಸದಾಗಿ ಕಟ್ಟಿಸಿದರು. ಗಣಿ ಕಾರ್ಮಿಕರಿಗೂ ಸಾಲುಮನೆಗಳಾದವು. ಅದಕ್ಕೂ ಮೊದಲು ಇಲ್ಲಿ ತವರದ ಕಾರುಬಾರು. ಬಯಲಿನಲ್ಲಿ ತೆಗೆದ ತವರವನ್ನು ಇಲ್ಲಿ ತೂಗಿ, ಮುದ್ರೆ ಒತ್ತಿ, ಸುಂಕ ಹಾಕುತ್ತಿದ್ದರು. ಅದಕ್ಕೇ ಹೇಳುವುದು, ಬಯಲು ನೋಡದೆ ಬರೀ ಊರು ನೋಡಿ ಬಂದರೆ ಅರ್ಧ ಕತೆ ಕೇಳಿದಂತೆ.

ಮಧ್ಯಾಹ್ನ ಚೀಸ್-ಈರುಳ್ಳಿ ಪೇಸ್ಟಿ (ಒಳಗೆ ಹೂರಣ ತುಂಬಿ ಬೇಯಿಸಿದ ಹಿಟ್ಟಿನ ತಿಂಡಿ) ಕಟ್ಟಿಸಿಕೊಂಡು ಟ್ಯಾಕ್ಸಿಯಲ್ಲಿ ಬಯಲಿನ ಮೆರಿವೇಲ್‌ಗೆ ಹೋದೆ. ಸುಮಾರು 8 ಕಿ.ಮೀ. ಕಂಚಿನ ಯುಗದವರು ನೆಟ್ಟ ಕಲ್ಲುಗಳ ಜೋಡಿಸಾಲುಗಳು ಹುಲ್ಲಿನ ನಡುವೆ ನೇರವಾಗಿ ಸಾಗುತ್ತವೆ. ಹೆಚ್ಚಿನ ಕಲ್ಲು ಮೊಣಕಾಲೆತ್ತರವೂ ಇಲ್ಲ. ಎರಡು ಜೋಡಿಸಾಲುಗಳ ನಡುವೆ ಒಂದು ಕಿರುಗಾಲುವೆ ಹರಿಯುತ್ತದೆ. ಬೇಲಿಯಿಲ್ಲ, ಟಿಕೆಟ್ ಇಲ್ಲ, ಕುರಿಗಳು ಕಲ್ಲಿಗೆ ಬೆನ್ನು ಉಜ್ಜಿಕೊಂಡು ನಿಂತಿರುತ್ತವೆ. ಬಯಲಿನ ಗಿಡ್ಡ ತಳಿಯ ಕುದುರೆಗಳು ಹತ್ತಿರ ಬಂದರೂ ತಿನ್ನಲು ಏನೂ ಕೊಡಬೇಡಿ. ರಸ್ತೆಗೆ ಬರುವ ಚಟ ಹತ್ತಿದರೆ ಕಾರಿಗೆ ಸಿಕ್ಕಿ ಸಾಯುತ್ತವೆ.

ಮಂಜು ಯಾವಾಗ ಇಳಿಯುತ್ತದೋ ಹೇಳಲಾಗದು. ಫೋನ್ ಸಿಗ್ನಲ್ ನಂಬದೆ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಕಾಗದದ ನಕ್ಷೆ, ದಿಕ್ಸೂಚಿ ಒಯ್ದಿದ್ದೆ. ನೀರು ಇಳಿಯದ ಬೂಟು ಬೇಕೇ ಬೇಕು, ಹುಲ್ಲಿನಡಿ ಜೌಗು. ರಸ್ತೆಯ ಉತ್ತರಕ್ಕೆ ಸೈನ್ಯದ ಗುಂಡಿನ ಅಭ್ಯಾಸದ ಜಾಗವಿದೆ. ಕೆಂಪು ಬಾವುಟ ಹಾರುತ್ತಿದ್ದರೆ ಆ ಕಡೆ ಕಾಲಿಡಬಾರದು. ಗುಂಡು ಹಾರಿಸುವ ದಿನಗಳನ್ನು ಮೊದಲೇ ಪ್ರಕಟಿಸುತ್ತಾರೆ, ನೋಡಿಕೊಂಡು ಹೊರಡಿ. ವಾಪಸ್ ಟ್ಯಾಕ್ಸಿಯನ್ನೂ ಊರಲ್ಲೇ ಗೊತ್ತುಮಾಡಿಕೊಂಡು ಹೋಗಿ.