ನಾಣ್ಯ ಕೊಟ್ಟವರು ಹೆಸರು ಮರೆತರು: ಒಂದು ಕಾದಂಬರಿ ಬರೆದ ಅನುಭವ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ನಮ್ಮ ತುಳುನಾಡಿನ, ಊರು ಕಾಯುವ ದೈವವೊಂದು ಈಸ್ಟ್ ಇಂಡಿಯಾ ಕಂಪನಿಯ 300 ಸಿಪಾಯಿಗಳನ್ನು ಒಂದೇ ರಾತ್ರಿಯಲ್ಲಿ ನುಂಗಿ ನೀರು ಕುಡಿದಿತ್ತು. ಮಂಗಳೂರಿನ ಬಾವುಟಗುಡ್ಡದ ಮೇಲೆ, ಸಿಡಿಲು ಮಳೆಯ ನಡುವೆ, ಪೂರಾ ಹನ್ನೊಂದು ಪುಟ. ಬರೆಯುವಾಗ ನನಗೇ ಮೈ ಜುಮ್ ಅಂದಿತ್ತು. ಓದಿದ ಗೆಳೆಯ ಹಾಳೆಗಳನ್ನು ಮಡಚಿಟ್ಟು ಒಂದೇ ಮಾತು ಕೇಳಿದ. "ಅಷ್ಟು ಶಕ್ತಿ ಇದ್ರೆ, ಕಲ್ಯಾಣಪ್ಪನನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕುವಾಗ ನಿನ್ನ ದೈವ ಎಲ್ಲಿಗೆ ಹೋಗಿತ್ತು ಮಾರಾಯ? ರಜೆಯಲ್ಲಿ ಇತ್ತಾ?"

ಎರಡು ವಾರ ನಾನು ಒಂದು ಸಾಲೂ ಬರೆಯಲಿಲ್ಲ.

ನಾನು ಬರೆಯಲು ಹೊರಟಿದ್ದು 1837ರ ಅಮರ ಸುಳ್ಯ ಬಂಡಾಯದ ಸುತ್ತ ಒಂದು ಕರಾಳ ಕಥೆ. ಚರಿತ್ರೆಯೂ ಇರಬೇಕು, ಮಾಯೆಯೂ ಇರಬೇಕು. ನಮ್ಮ ಊರಿನ ಕಡೆಯವರಿಗೆ ಈ ಬಂಡಾಯ ಗೊತ್ತು. ಘಟ್ಟ ಹತ್ತಿದ ಮೇಲೆ ಗೊತ್ತಿರುವವರು ಕಡಿಮೆ. ಹಾಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. 1834ರಲ್ಲಿ ಕಂಪನಿಯವರು ಕೊಡಗಿನ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿದರು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಸುಳ್ಯ, ಬೆಳ್ಳಾರೆ, ಪುತ್ತೂರು ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ರೈತರು ಬೆಳೆದದ್ದರಲ್ಲೇ ಕಂದಾಯ ಕೊಡುತ್ತಿದ್ದರು. ಇನ್ನು ಮೇಲೆ ನಗದಾಗಿಯೇ ಕೊಡಬೇಕು ಎಂದಾಯಿತು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯದ್ದೇ. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರೂ ಇತರರೂ ಸೇರಿ ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ಏಪ್ರಿಲ್ 5ಕ್ಕೆ ಮಂಗಳೂರೇ ಅವರ ವಶವಾಯಿತು. ಸುಮಾರು 13 ದಿನ. ಆಮೇಲೆ ಹೊರಗಿನಿಂದ ಪಡೆ ಬಂತು, ದಂಡಿನ ಮುಂದೆ ನಿಂತಿದ್ದ ಕಲ್ಯಾಣಪ್ಪನಿಗೆ ನೇಣಾಯಿತು, ಎಲ್ಲ ಮುಗಿಯಿತು.

ನನ್ನನ್ನು ಹಿಡಿದಿಟ್ಟದ್ದು ಗೆಲುವೂ ಅಲ್ಲ, ಸೋಲೂ ಅಲ್ಲ. ಒಂದು ಬೈಗುಳ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಅಟ್ಟಕ್ಕೆ ನುಗ್ಗಿ ಬೆಲ್ಲದ ಡಬ್ಬ ಖಾಲಿ ಮಾಡಿದರೆ ಅಜ್ಜಿ ಕೂಗುತ್ತಿದ್ದರು, "ಇದೆಂತ, ಕಲ್ಯಾಣಪ್ಪನ ಕಾಟಕಾಯಿಯಾ ನಿಮ್ಮದು?" ಕಾಟಕಾಯಿ ಅಂದರೆ ಲೂಟಿ, ದಾಂಧಲೆ. ಊರಿನವರೇ ಪ್ರಾಣ ಕೊಟ್ಟ ಹೋರಾಟಕ್ಕೆ ಊರಿನವರ ಬಾಯಲ್ಲೇ ಉಳಿದ ಹೆಸರು ಇದು. ಎಷ್ಟೋ ವರ್ಷಗಳ ನಂತರ ಆ ಹೆಸರಿನ ಹಿಂದೆ ಏನಿದೆ ಅಂತ ತಿಳಿದಾಗ ನಾಚಿಕೆ ಆಯಿತು. ಅಜ್ಜಿ ಆಗ ಇರಲಿಲ್ಲ, ಹೇಳೋಣ ಅಂದರೆ.

ಗೆಳೆಯನ ಪ್ರಶ್ನೆಗೆ ಉತ್ತರ ಕೊನೆಗೆ ಸಿಕ್ಕಿದ್ದು ಅಲ್ಲೇ, ಹೆಸರಿನಲ್ಲಿ. ಮಾಯೆಯನ್ನು ಯುದ್ಧದಲ್ಲಿ ಹುಡುಕಿದ್ದು ನನ್ನ ತಪ್ಪಾಗಿತ್ತು. ಈ ಕಥೆಯಲ್ಲಿ ನಿಜವಾಗಿಯೂ ಭಯ ಹುಟ್ಟಿಸುವುದು ಕೋವಿಯಲ್ಲ, ನಾಣ್ಯ. ಸುಮ್ನೆ ಯೋಚಿಸಿ ನೋಡಿ. ನಿಮ್ಮ ಮನೆಯಲ್ಲಿ ಭತ್ತ ಇದೆ, ಅಡಿಕೆ ಇದೆ, ದುಡ್ಡಿಲ್ಲ. ಕಂದಾಯದ ಕಿಸ್ತು (ಕಂತು) ಕಟ್ಟುವ ದಿನ ಬಂತು. ಊರಿಗೆ ಊರೇ ಒಂದೇ ವಾರದಲ್ಲಿ ಭತ್ತ ಮಾರಲು ಓಡುತ್ತದೆ. ದರ ಬೀಳುತ್ತದೆ. ವ್ಯಾಪಾರಿ ಹೇಳಿದ್ದೇ ರೇಟು. ಮನೆಯಲ್ಲಿ ಅನ್ನ ಇದ್ದೂ ಸಾಲಗಾರ ಆಗುವುದು ಅಂದರೆ ಇದೇ.

ಹಾಗಾಗಿ ನನ್ನ ಲೋಕಕ್ಕೆ ಒಂದೇ ಒಂದು ನಿಯಮ ಮಾಡಿದೆ. ಕಚೇರಿಯಲ್ಲಿ ನಾಣ್ಯ ಎಣಿಸಿ ಕೊಟ್ಟವನು ಮನೆಗೆ ಬರುವಷ್ಟರಲ್ಲಿ ಸತ್ತ ಹಿರಿಯರಲ್ಲಿ ಒಬ್ಬರ ಹೆಸರು ಮರೆಯುತ್ತಾನೆ. ಅವನೊಬ್ಬನೇ ಅಲ್ಲ, ಮನೆಯವರೆಲ್ಲ ಮರೆಯುತ್ತಾರೆ. ಒಂದು ಕಿಸ್ತಿಗೆ ಒಂದು ಹೆಸರು. ದೈವ ಯಾರನ್ನೂ ನುಂಗುವುದಿಲ್ಲ. ಅದಕ್ಕೆ ಮಾಡಲು ಬರುವುದು ಹೆಸರು ಹಿಡಿದು ಕರೆಯುವುದು ಮಾತ್ರ, ಅದೂ ನೆನಪಿದ್ದರೆ.

ಈ ನಿಯಮ ಸಿಕ್ಕ ರಾತ್ರಿ ಬರೆದ ತುಣುಕು ಮೂರು ವರ್ಷದ ತಿದ್ದುಪಡಿಯಲ್ಲೂ ಹಾಗೇ ಉಳಿಯಿತು (ಗಗ್ಗರ ಅಂದರೆ ದೈವ ಕಟ್ಟುವವರ ಕಾಲಿನ ಗೆಜ್ಜೆ, ಸೂಟೆ ಅಂದರೆ ಒಣ ತೆಂಗಿನ ಗರಿಯ ಪಂಜು):

"ಗಗ್ಗರದ ಸದ್ದು ನಿಂತಿತು. ದೈವ ಒಬ್ಬೊಬ್ಬರನ್ನೇ ಕರೆಯುತ್ತಾ ಬಂತು. ಅಜ್ಜನ ಸರದಿಗೆ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಮತ್ತೆ ತೆರೆಯಿತು. ಸೂಟೆಯ ಬೆಂಕಿ ಚಿಟಿಚಿಟಿ ಅನ್ನುತ್ತಿತ್ತು. ಅಂಗಳದಲ್ಲಿ ನಿಂತ ನಲವತ್ತು ಜನರಲ್ಲಿ ಒಬ್ಬರಾದರೂ ಹೇಳಿಕೊಡುತ್ತಾರೆ ಅಂತ ಅದು ಕಾಯಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು."

ಇಷ್ಟೇ. ಇದರಲ್ಲಿ ರಕ್ತ ಇಲ್ಲ. ಆದರೂ ಓದಿದವರು ಹೆದರಿಕೆ ಆಯಿತು ಅಂದಿದ್ದು ಈ ಪುಟಕ್ಕೇ, ನೇಣಿನ ಪುಟಕ್ಕಲ್ಲ. ನೇಣಿನ ದೃಶ್ಯ ಮೊದಲು ನಾಲ್ಕು ಪುಟ ಇತ್ತು. ಹಗ್ಗ, ಕುತ್ತಿಗೆ, ಕಣ್ಣು, ಎಲ್ಲ. ಈಗ ಒಂದೇ ಪ್ಯಾರಾ.

ಚರಿತ್ರೆ ಆಮೇಲೆ ತಾನಾಗಿಯೇ ಕೈ ಹಿಡಿಯಿತು. ಕಲ್ಯಾಣಸ್ವಾಮಿ ಅಂತ ಮುಂದೆ ನಿಂತವನು, ಅಂದರೆ ಊರವರ ಬಾಯಿಯ ಕಲ್ಯಾಣಪ್ಪ, ನಿಜದಲ್ಲಿ ಪುಟ್ಟಬಸಪ್ಪ ಎಂಬವನು. ಅರಸು ಮನೆತನದವನ ಹೆಸರು ಹೊತ್ತು ದಂಡಿನ ಮುಂದೆ ನಡೆದವನು. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹೆಸರೇ ಕಳೆದುಹೋಗುವ ಲೋಕದಲ್ಲಿ ಇನ್ನೊಬ್ಬರ ಹೆಸರು ತೊಟ್ಟವನು! ಕಂಪನಿಯ ನಾಣ್ಯ ಮುಟ್ಟಿದರೂ ಅವನಿಗೇನೂ ಆಗುವುದಿಲ್ಲ. ಕಳೆದುಕೊಳ್ಳಲು ಅವನ ಹೆಸರು ಅಲ್ಲಿಲ್ಲವಲ್ಲ. ಆದರೆ ನೇಣಿಗೆ ಹೋಗುವುದೂ ಆ ಹೆಸರಿನಲ್ಲೇ. ಇಂಥದ್ದನ್ನು ನಾನು ಕುಳಿತು ಕಟ್ಟಿದ್ದರೆ 'ಅತಿಯಾಯಿತು' ಅನ್ನುತ್ತಿದ್ದರು.

ಕಾಲದ ತಪ್ಪುಗಳ ಬಗ್ಗೆ ಹೇಳದಿದ್ದರೆ ಮೋಸ ಆಗುತ್ತದೆ. ಮೊದಲ ಕರಡಿನಲ್ಲಿ ನನ್ನ ನಾಯಕ ಸೀಮೆಎಣ್ಣೆ ದೀಪ ಹಿಡಿದು ಗುಡ್ಡ ಹತ್ತಿದ್ದ. 1837ರಲ್ಲಿ ಎಲ್ಲಿಯ ಸೀಮೆಎಣ್ಣೆ? ಹೊನ್ನೆ ಎಣ್ಣೆಯ ದೀಪ ಕೊಟ್ಟೆ, ಗುಡ್ಡ ಹತ್ತಲು ಸೂಟೆ ಕೊಟ್ಟೆ. ಮನೆಯ ಮಾಡಿಗೆ ಮಂಗಳೂರು ಹೆಂಚು ಹೊದೆಸಿದ್ದೆ. ಬಾಸೆಲ್ ಮಿಶನ್ನಿನವರ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಮುಳಿಹುಲ್ಲು ಹೊದೆಸಿದೆ. ಆಮೇಲೆ ನೋಡಿದರೆ ಅದು ಕಥೆಗೂ ಒಳ್ಳೆಯದೇ ಆಯಿತು, ಬೆಂಕಿ ಬೇಗ ಹಿಡಿಯುತ್ತದೆ. ಒಬ್ಬ ಪಾತ್ರ ಪತ್ರಿಕೆ ಓದುತ್ತಿದ್ದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ಕ್ಕೆ. ಆ ಪಾತ್ರವನ್ನೇ ತೆಗೆದೆ. ಸುಳ್ಯ ಅಂದ ಕೂಡಲೇ ಕಣ್ಣಿಗೆ ಬರುವ ರಬ್ಬರ್ ತೋಟ ಕೂಡ ಒಂದು ಕಡೆ ನುಸುಳಿತ್ತು. ಸಿಕ್ಕಿದ್ದು ಅಚ್ಚಿಗೆ ಹೋಗುವ ಹಿಂದಿನ ವಾರ. ಮಾಯೆ ಇರುವ ಕಾದಂಬರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ದೀಪದ ಎಣ್ಣೆ ಸುಳ್ಳಾದರೆ ದೈವವನ್ನೂ ಯಾರೂ ನಂಬುವುದಿಲ್ಲ, ಅಲ್ವಾ?

ದೈವದ ವಿಷಯದಲ್ಲಿ ನನಗೆ ಅಳುಕು ಜಾಸ್ತಿ ಇತ್ತು. ಇದು ನಮ್ಮಲ್ಲಿ ಪುರಾಣ ಅಲ್ಲ, ಈಗಲೂ ನಡೆಯುವ ನಂಬಿಕೆ. ಹಾಗಾಗಿ ಎಲ್ಲೂ ಇಲ್ಲದ ಒಂದು ದೈವವನ್ನು ಕಲ್ಪಿಸಿಕೊಂಡೆ. ಆದರೂ ಒಬ್ಬರನ್ನು ಕೇಳದೆ ಮುಂದುವರಿಯುವ ಧೈರ್ಯ ಬರಲಿಲ್ಲ. ನಮ್ಮ ಕಡೆ ಎಷ್ಟೋ ವರ್ಷ ಕೋಲ ಕಟ್ಟಿದ, ಅಂದರೆ ದೈವದ ವೇಷ ತೊಟ್ಟು ಕುಣಿದ ಹಿರಿಯರೊಬ್ಬರ ಮನೆಗೆ ಹೋದೆ. ನನಗೆ ಕುರ್ಚಿ ಹಾಕಿ ತಾವು ನಿಂತೇ ಇದ್ದರು. ಎಷ್ಟು ಹೇಳಿದರೂ ಕೂರಲಿಲ್ಲ. "ಮದಿಪು ಇದ್ದ ಹಾಗೇ ಬರೆಯುವುದು ಬೇಡ ಧಣಿಗಳೇ. ಅದು ಹೇಳುವಲ್ಲಿ ಹೇಳುವಂಥದ್ದು," ಅಂದರು. ಮದಿಪು ಅಂದರೆ ಕೋಲದಲ್ಲಿ ದೈವದ ಮುಂದೆ ಹೇಳುವ ಪ್ರಾರ್ಥನೆಯ ಮಾತು. ಒಪ್ಪಿದೆ, ಕಾದಂಬರಿಯಲ್ಲಿ ನಿಜವಾದ ಮದಿಪಿನ ಒಂದು ಪದವೂ ಇಲ್ಲ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ತಲೆಯಲ್ಲಿ ಉಳಿದದ್ದು ಬೇರೆ ಮಾತು. ಧಣಿಗಳೇ. ಎಪ್ಪತ್ತು ದಾಟಿದವರು, ನನಗೆ! ಅಣಿ (ದೈವದ ಬೆನ್ನಿಗೆ ಕಟ್ಟುವ ಅಲಂಕಾರ) ಕಟ್ಟಿದಾಗ ನಮ್ಮ ಮನೆಯವರೆಲ್ಲ ಅವರೆದುರು ಕೈಮುಗಿದು ನಡುಗುತ್ತಾರೆ. ಬಣ್ಣ ತೊಳೆದ ಮೇಲೆ ಅವರು ಅಂಗಳದ ಆಚೆ.

ಅಲ್ಲಿಗೆ ಎರಡನೇ ಕರಡೂ ಬಿತ್ತು. ಸ್ವಾತಂತ್ರ್ಯ, ಸ್ವಾತಂತ್ರ್ಯ ಅಂತ 400 ಪುಟ ಬರೆದಿದ್ದೆ. ಯಾರ ಸ್ವಾತಂತ್ರ್ಯ? ಕಂದಾಯ ಕಟ್ಟಲು ಭೂಮಿ ಇದ್ದವರದ್ದು. ಆ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳಿದ್ದರು. 1801ರಲ್ಲಿ ಕಂಪನಿಯ ಪರವಾಗಿ ಈ ಸೀಮೆ ಸುತ್ತಿದ ಬುಕಾನನ್ ಇಲ್ಲಿನ ಜೀತದಾಳುಗಳ ಬಗ್ಗೆ ಬರೆದಿಟ್ಟಿದ್ದಾನೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ಆದದ್ದು 1843ರಲ್ಲಿ. ಅದೂ ಕಲ್ಯಾಣಪ್ಪನನ್ನು ನೇಣಿಗೆ ಹಾಕಿದ ಅದೇ ಕಂಪನಿಯ ಕಾನೂನು, ಅದೂ ಕಾಗದದ ಮೇಲೆ. ಇದನ್ನು ಹೇಗೆ ನುಂಗುವುದು? ನನ್ನ ನಾಯಕರು ಒಳ್ಳೆಯವರು, ಕೆಚ್ಚೆದೆಯವರು, ಮತ್ತು ಅವರ ಹಟ್ಟಿಯ ಬದಿಯ ಗುಡಿಸಲಿನಲ್ಲಿ ಒಬ್ಬಳು ಹುಡುಗಿ ಭೂಮಿಯ ಲೆಕ್ಕದಲ್ಲಿ ಇದ್ದಾಳೆ.

ಅವಳನ್ನು ಕರೆದು ತಂದ ಮೇಲೆ ನನ್ನ ನಿಯಮವೇ ತಿರುಗಿ ನಿಂತಿತು. ಅವಳ ಮನೆಯವರಿಗೆ ಭೂಮಿ ಇಲ್ಲ. ಕಂದಾಯ ಇಲ್ಲ. ನಾಣ್ಯವನ್ನು ಮುಟ್ಟಿಯೇ ಗೊತ್ತಿಲ್ಲ. ಅಂದರೆ ಅವರು ಯಾವ ಹೆಸರನ್ನೂ ಮರೆತಿಲ್ಲ! ಗುತ್ತಿನ ಮನೆಯವರು, ಅಂದರೆ ಊರಿನ ದೊಡ್ಡ ಜಮೀನುದಾರರು, ತಮ್ಮ ಅಜ್ಜನ ಹೆಸರಿಗಾಗಿ ತಡಕಾಡುವಾಗ ಅದು ಅವಳಿಗೆ ಗೊತ್ತು. ಏಳು ತಲೆಮಾರಿನದ್ದು ಗೊತ್ತು. ಕೋಲದ ರಾತ್ರಿ ದೈವ ಬಾಯಿ ತೆರೆದು ಕಾಯುವಾಗ ಅವಳು ಅಂಗಳದ ಆಚೆ ಕತ್ತಲಲ್ಲಿ ನಿಂತಿದ್ದಾಳೆ. ಹೇಳಬೇಕಾ, ಬೇಡವಾ? ಹೇಳಿದರೆ ಇವರಿಗೆ ಅಜ್ಜ ಸಿಗುತ್ತಾನೆ. ಅವಳಿಗೆ ಏನು ಸಿಗುತ್ತದೆ? ಕಾದಂಬರಿಯ ಕೊನೆಯ 100 ಪುಟ ಪೂರ್ತಿ ಈ ಪ್ರಶ್ನೆ. ಅವಳೇನು ಮಾಡಿದಳು ಅಂತ ಇಲ್ಲಿ ಹೇಳುವುದಿಲ್ಲ.

ಪ್ರಕಾಶಕರೊಬ್ಬರು "ಹುಡುಗಿಯ ಭಾಗ ಕಡಿಮೆ ಮಾಡಿ, ದೈವ ಜಾಸ್ತಿ ಮಾಡಿ, ಈಗ ಅದಕ್ಕೆ ಮಾರ್ಕೆಟ್ ಇದೆ" ಅಂದರು. ಇನ್ನೊಬ್ಬರ ಹತ್ತಿರ ಹೋದೆ. 500 ಪ್ರತಿ ಬಂತು.

ಮೊದಲ ಪ್ರತಿಗಳಲ್ಲಿ ಒಂದನ್ನು ಆ ಹಿರಿಯರಿಗೆ ಕೊಡಲು ಹೋದೆ. ಅವರಿಗೆ ಓದಲು ಬರುವುದಿಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೊಮ್ಮಗನನ್ನು ಕರೆದು, "ಇದರಲ್ಲಿ ನನ್ನ ಹೆಸರು ಎಲ್ಲಿ ಉಂಟು ನೋಡು," ಅಂದರು. ಹುಡುಗ ಮೊದಲ ಪುಟಗಳನ್ನು ಎರಡೆರಡು ಸಲ ನೋಡಿದ. ಅಲ್ಲಿ ನಾನು ಬರೆದದ್ದು 'ದೈವಾರಾಧನೆಯ ಬಗ್ಗೆ ಮಾಹಿತಿ ನೀಡಿದ ಹಿರಿಯರೊಬ್ಬರಿಗೆ' ಅಂತ. ಯಾರಾದರೂ ಆಕ್ಷೇಪ ಮಾಡಿ ಅವರಿಗೆ ತೊಂದರೆ ಆದೀತು ಅಂದುಕೊಂಡಿದ್ದೆ. ಅವರನ್ನೇ ಒಂದು ಮಾತು ಕೇಳಬಹುದಿತ್ತು, ಕೇಳಿರಲಿಲ್ಲ. ಹೆಸರು ಕಳೆದುಹೋಗುವ ಕಥೆ ಬರೆದವನು ನಾನು.

ಎರಡನೇ ಮುದ್ರಣ ಇನ್ನೂ ಆಗಿಲ್ಲ. ಇಲ್ಲಾದರೂ ಬರೆಯಲಾ ಅಂತ ಮೊನ್ನೆ ಕೇಳಿದೆ. "ಮೊಬೈಲಿನಲ್ಲಿ ಬರುವುದು ಬೇಡ, ಪುಸ್ತಕದಲ್ಲಿ ಇದ್ದರೆ ಸಾಕು," ಅಂದರು. ನನ್ನ ಹತ್ತಿರ ಉಳಿದಿರುವ ಪ್ರತಿಗಳಲ್ಲಿ 'ಹಿರಿಯರೊಬ್ಬರಿಗೆ' ಅನ್ನುವುದನ್ನು ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ಅವರ ಹೆಸರು ಬರೆದೇ ಕೊಡುತ್ತಿದ್ದೇನೆ.